ಎಷ್ಟನೇ ಆಪ್ಷನ್ನು?

ಫಲಿತಾಂಶದ ದಿನ ಕೇಳುವುದು "ಎಷ್ಟು ಬಂತು?" ಸೀಟು ಹಂಚಿಕೆಯ ದಿನ ಕೇಳುವುದು "ಎಲ್ಲಿ ಸಿಕ್ತು?" ಸೇರಿ ಆರು ತಿಂಗಳಾದ ಮೇಲೆ "ಅಲ್ಲಿ ಹೇಗೆ ಪಾಠ ಮಾಡ್ತಾರೆ?" ಎಂದು ಕೇಳುವ ನೆಂಟರು ಯಾರಾದರೂ ಇದ್ದರೆ ಅವರನ್ನು ಹಬ್ಬಕ್ಕೆ ತಪ್ಪದೆ ಕರೆಯಿರಿ.

*

ರ‍್ಯಾಂಕಿಗೆ ನಿಮ್ಮ ಬಗ್ಗೆ ಹೆಚ್ಚು ಗೊತ್ತಿಲ್ಲ. ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಎಂಬುದಷ್ಟೇ ಅದಕ್ಕೆ ಗೊತ್ತು.

*

ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕು ಎರಡು ಕಡೆಯಿಂದ ಹುಟ್ಟುತ್ತದೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ. ಸಿಇಟಿಯಲ್ಲಿ ಅವೇ ವಿಷಯಗಳ ಅಂಕಗಳಿಂದ ಇನ್ನರ್ಧ. ಒಂದು, ಕೂತು ಉದ್ದ ಉತ್ತರ ಬರೆಯುವವರ ಪರೀಕ್ಷೆ. ಇನ್ನೊಂದು, 80 ನಿಮಿಷದಲ್ಲಿ 60 ಪ್ರಶ್ನೆಗೆ ಗೋಲ ತುಂಬುವವರ ಪರೀಕ್ಷೆ. ಹಾಗಾಗಿ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಒಂದೇ ಬಗೆಯ ವಿದ್ಯಾರ್ಥಿಗಳಾಗಿರಬೇಕಿಲ್ಲ. ಒಬ್ಬಳು ಬೋರ್ಡ್ ಪರೀಕ್ಷೆಯ ಬಲದಿಂದ ಅಲ್ಲಿಗೆ ಬಂದಿರುತ್ತಾಳೆ, ಪಕ್ಕದವನು ಸಿಇಟಿಯ ಬಲದಿಂದ. ತಾನು ಯಾವ ದಾರಿಯಲ್ಲಿ ಬಂದೆ ಎಂಬುದನ್ನು ಕಾಲೇಜು ಆರಿಸುವಾಗ ನೆನಪಿಟ್ಟುಕೊಂಡವರು ಕಡಿಮೆ. ಮುಂದಿನ ನಾಲ್ಕು ವರ್ಷದ ಬಹುಪಾಲು ಪರೀಕ್ಷೆಗಳು ಮೂರು ಗಂಟೆ ಕೂತು ಬರೆಯುವಂಥವು. ಗೋಲ ತುಂಬಿ ಬಂದವನಿಗೆ ಮೊದಲ ಸೆಮಿಸ್ಟರಿನಲ್ಲಿ ಕೈ ನೋಯುತ್ತದೆ.

*

2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿಯ ಅಂಕಗಳನ್ನು ಸೇರಿಸಿ ಲೆಕ್ಕ ಹಾಕಿ ಎಲ್ಲರನ್ನೂ ಪಾಸು ಮಾಡಿದರು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಹಿಡಿದರು. ಅದೇ ಬ್ಯಾಚಿನವರು ಹಲವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕ ಹಿಡಿಯಬೇಕೇ ಬೇಡವೇ ಎಂಬ ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. ಪರೀಕ್ಷಾ ಪ್ರಾಧಿಕಾರ ಅದನ್ನು ಹಿಡಿಯದೆ ರ‍್ಯಾಂಕು ಕೊಟ್ಟಿತ್ತು. ಕೋರ್ಟು ಹಾಗೆ ಮಾಡುವಂತಿಲ್ಲ ಎಂದಿತು. ಕೊನೆಗೆ ಎರಡೂ ಬ್ಯಾಚಿಗೆ ಹೊಂದುವ ಒಂದು ಸೂತ್ರ ಹುಡುಕಿ ಪಟ್ಟಿಯನ್ನೇ ಹೊಸದಾಗಿ ಪ್ರಕಟಿಸಬೇಕಾಯಿತು. ಅದೇ ಹುಡುಗಿ, ಅದೇ ಉತ್ತರ, ಒಂದೇ ವರ್ಷದಲ್ಲಿ ಎರಡು ರ‍್ಯಾಂಕು. ಆ ತಿಂಗಳುಗಳಲ್ಲಿ ಅವಳ ಬುದ್ಧಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮನೆಯಲ್ಲಿ ಅವಳ ಬೆಲೆ ಮಾತ್ರ ಎರಡು ಸಲ ಬದಲಾಯಿತು.

*

2024ರ ಸಿಇಟಿಯಲ್ಲಿ ಪಠ್ಯದಾಚೆಯ ಪ್ರಶ್ನೆಗಳು ಬಂದವೆಂದು ಗಲಾಟೆಯಾಗಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಮಾಡಬೇಕಾದ್ದೇ. ಆದರೆ ಆ ಐವತ್ತರಲ್ಲಿ ತಿಣುಕಿ ತಿಣುಕಿ ಕೆಲವಕ್ಕೆ ಸರಿ ಉತ್ತರ ಹುಡುಕಿದ್ದವರೂ ಇದ್ದಿರಬೇಕಲ್ಲ? ಅವರ ಪರವಾಗಿ ಘೋಷಣೆ ಕೂಗಿದ್ದು ನನ್ನ ಕಿವಿಗೆ ಬಿದ್ದಿಲ್ಲ.

*

2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳ ಕೆಲವು ಕೋರ್ಸುಗಳಿಗೆ ಕಟಾಫ್ ನೂರಕ್ಕೆ ನೂರು. ಮರುವರ್ಷವೇ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂತು, ಬೋರ್ಡಿನ ಅಂಕಗಳು ಬದಿಗೆ ಸರಿದವು. ನೂರಕ್ಕೆ ನೂರು ತೆಗೆಯುವವರು ಹೆಚ್ಚಾದಾಗ ಸೋಲುವುದು ಮಕ್ಕಳಲ್ಲ, ಅಂಕ.

*

ಹೋದ ವರ್ಷದ ಕಟಾಫ್ ಎಂದರೆ ಹೋದ ವರ್ಷದ ಮಕ್ಕಳು ಯಾವುದಕ್ಕೆ ಮುಗಿಬಿದ್ದರು ಎಂಬ ದಾಖಲೆ. ಸೇರಿದ ಮೇಲೆ ಅವರಲ್ಲಿ ಎಷ್ಟು ಮಂದಿಗೆ ಅದು ಹಿಡಿಸಿತು ಎಂಬುದಕ್ಕೆ ಪಟ್ಟಿ ಇಲ್ಲ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಕೇಳಿದ್ದರಿಂದ ಅದರ ಕಟಾಫ್ ಏರಿತು. ಕಟಾಫ್ ಏರಿದ್ದರಿಂದ ಅದೇ ಶ್ರೇಷ್ಠವೆಂದು ಈ ವರ್ಷವೂ ಎಲ್ಲರೂ ಅದನ್ನೇ ಕೇಳುತ್ತಾರೆ. ಈ ಸುತ್ತಿನಲ್ಲಿ ಸೀಟು ಪಡೆದವರು ಬಹಳ ಜನ, ಆರಿಸಿಕೊಂಡವರು ಬೆರಳೆಣಿಕೆ.

*

"ಇಷ್ಟೊಳ್ಳೆ ರ‍್ಯಾಂಕ್ ಇಟ್ಕೊಂಡು ಮೆಕ್ಯಾನಿಕಲ್ ತಗೊಂಡ್ರೆ ರ‍್ಯಾಂಕು ವೇಸ್ಟ್ ಆಗಲ್ವಾ?" ಉಳಿದ ರ‍್ಯಾಂಕು ಕೊಳೆತು ನಾರುತ್ತದೆಯೇ? ಪೂರ್ತಿ ಖರ್ಚು ಮಾಡಲೇಬೇಕೆಂದು ಯಾವ ನಿಯಮದಲ್ಲಿ ಬರೆದಿದೆ?

*

ಆಪ್ಷನ್ ಎಂಟ್ರಿಯ ದಿನಗಳಲ್ಲಿ ಸೈಬರ್ ಸೆಂಟರಿನಲ್ಲಿ ನಡೆಯುವ ದೊಡ್ಡ ತಪ್ಪು ಜಾಣತನದ ಹೆಸರಿನಲ್ಲೇ ನಡೆಯುತ್ತದೆ. "ಆ ಕಾಲೇಜು ಹೇಗೂ ಸಿಗಲ್ಲ. ಅದನ್ನ ಮೇಲೆ ಹಾಕಿ ಯಾಕೆ ಆಪ್ಷನ್ ಹಾಳು ಮಾಡ್ಕೊಳ್ತೀಯಾ, ಸಿಗೋದನ್ನ ಮೇಲೆ ಹಾಕು." ಯಾರೋ ಸೀನಿಯರ್ ಹೇಳಿದ್ದು, ಅದನ್ನು ಇನ್ನೊಬ್ಬ ಕೇಳಿಸಿಕೊಂಡದ್ದು, ಈಗ ಅದು ಶಾಸ್ತ್ರ. ಹಂಚಿಕೆಯ ಯಂತ್ರ ಮಾಡುವುದು ಸರಳ ಕೆಲಸ: ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿ ತೆರೆದು ಮೇಲಿನಿಂದ ಕೆಳಕ್ಕೆ ಬರುತ್ತದೆ. ನಿಮ್ಮ ಸರದಿಯಲ್ಲಿ ಮೊದಲನೆಯದು ಭರ್ತಿಯಾಗಿದ್ದರೆ ಎರಡನೆಯದು, ಅದೂ ಆಗಿದ್ದರೆ ಮೂರನೆಯದು. ಸಿಗದ್ದನ್ನು ಮೇಲೆ ಬರೆದದ್ದಕ್ಕೆ ದಂಡವಿಲ್ಲ. ಸುಲಭವಾಗಿ ಸಿಗುವುದನ್ನು ಮೇಲೆ ಬರೆದರೆ ದಂಡ ಉಂಟು: ಅದೇ ಸಿಗುತ್ತದೆ.

*

1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಂದೇ ಲೇಖನದಲ್ಲಿಟ್ಟು ಲೆಕ್ಕ ಮಾಡಿದರು. ಆ ಹಾದಿಯ ಕೆಲಸಕ್ಕೆ 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಮಕ್ಕಳಿಗೆ ಅದರಲ್ಲಿ ಬೇಕಾದ್ದು ಇಷ್ಟೇ: ಚೆನ್ನಾಗಿ ಕಟ್ಟಿದ ಹಂಚಿಕೆಯಲ್ಲಿ ನಿಜವಾದ ಇಷ್ಟದ ಕ್ರಮವನ್ನೇ ಬರೆದ ವಿದ್ಯಾರ್ಥಿಗೆ ನಷ್ಟವಿಲ್ಲ. ಗಣಿತ ಅಲ್ಲಿಗೆ ಕೈತೊಳೆದುಕೊಂಡಿತು. ಯಂತ್ರದ ಮುಂದೆ ನಿಜ ಹೇಳಬಹುದು ಸರಿ. ಅಪ್ಪ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು ಮೂವರೂ ಕುರ್ಚಿಯ ಹಿಂದೆ ನಿಂತಿರುವಾಗ ಹೇಳುವುದು ಹೇಗೆ? ಅದಕ್ಕೆ ಇನ್ನೂ ಯಾರಿಗೂ ನೊಬೆಲ್ ಬಂದಿಲ್ಲ.

*

ಆಪ್ಷನ್ ಎಂಟ್ರಿಯ ಪಾಸ್‌ವರ್ಡು ಸೈಬರ್ ಸೆಂಟರಿನವನಿಗೂ ಗೊತ್ತು. ಹುಡುಗಿಗೆ ಬೇಕಾದ ಬ್ರಾಂಚು ಅವಳ ಗೆಳತಿಗೆ ಮಾತ್ರ ಗೊತ್ತು.

*

ಸೀಟು ಬಂದ ಮೇಲೆ ನಾಲ್ಕು ಆಯ್ಕೆ ಕೊಡುತ್ತಾರೆ. ಒಪ್ಪಿದೆ, ಸೇರುತ್ತೇನೆ. ಒಪ್ಪಿದೆ, ಆದರೆ ಮುಂದಿನ ಸುತ್ತಿಗೂ ಇರುತ್ತೇನೆ. ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಏನೂ ಬೇಡ, ಹೊರಟೆ. ಮನುಷ್ಯಸ್ವಭಾವವನ್ನು ಇಷ್ಟು ಚೊಕ್ಕವಾಗಿ ವಿಂಗಡಿಸಿದ ಇನ್ನೊಂದು ಸರ್ಕಾರಿ ನಮೂನೆಯನ್ನು ನಾನು ಕಂಡಿಲ್ಲ. ನಮ್ಮಲ್ಲಿ ಬಹುತೇಕರು ಜೀವನವಿಡೀ ಎರಡನೆಯ ಆಯ್ಕೆಯಲ್ಲೇ ಇರುವವರು: ಸೀಟೂ ಕೈಯಲ್ಲಿರಲಿ, ಕಣ್ಣೂ ಮೇಲಿರಲಿ. ಮೇಲಿನದು ಸಿಕ್ಕ ಕ್ಷಣ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ ಎಂಬ ಸಾಲನ್ನು ಓದುವುದು ಮಾತ್ರ ಆಮೇಲೆ.

*

ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಎಂಜಿನಿಯರಿಂಗ್ ಓದಲು ಪುಣೆಗೆ ಹೋದರು. ಇಲ್ಲಿ ಆರಿಸಲು ಏನೂ ಇರಲಿಲ್ಲ. ಅವರೇ ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾದವು. ಧಾರವಾಡದ ಕಡೆಯವರು 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗುವ ತನಕ ಮುಂಬಯಿ ವಿಶ್ವವಿದ್ಯಾಲಯದ ಪದವಿ ತೆಗೆದುಕೊಳ್ಳುತ್ತಿದ್ದರು. ಕಲಬುರಗಿ, ಮಂಗಳೂರುಗಳಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಆ ತಲೆಮಾರುಗಳ ಚಿಂತೆ "ಓದಲು ಸಿಗುತ್ತದೆಯೇ" ಎಂಬುದು. ಈಗಿನದು "ಯಾವುದು" ಎಂಬುದು. ಎರಡನೆಯ ಚಿಂತೆ ಹಗುರವೆಂದು ಹಿರಿಯರು ತಿಳಿದಿದ್ದಾರೆ. ಹಗುರವಲ್ಲ. ಆಯ್ಕೆ ಇಲ್ಲದವನು ಕಾಲವನ್ನು ಬೈಯಬಹುದು. ಆಯ್ಕೆ ಇದ್ದವನಿಗೆ ಬೈಯಲು ತಾನೊಬ್ಬನೇ ಉಳಿಯುತ್ತಾನೆ.

*

ಸಿ.ಎನ್.ಆರ್. ರಾವ್ ಬಿ.ಎಸ್ಸಿ. ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಎಂ.ಎಸ್ಸಿ. ಬನಾರಸ್‌ನಲ್ಲಿ. ಪಿಎಚ್‌ಡಿಗೆ ಎಂಐಟಿ, ಕೊಲಂಬಿಯಾಗಳಿಂದಲೂ ಕರೆ ಇದ್ದಾಗ ಅವರು ಪರ್ಡ್ಯೂ ಆರಿಸಿಕೊಂಡು 1958ರಲ್ಲಿ ಪದವಿ ಪಡೆದರು. ಎನ್.ಆರ್. ನಾರಾಯಣಮೂರ್ತಿ ಅವರಿಗೆ ಐಐಟಿಯಲ್ಲಿ ಪ್ರವೇಶ ಸಿಕ್ಕರೂ ಮೇಷ್ಟ್ರಾಗಿದ್ದ ತಂದೆಗೆ ಖರ್ಚು ಭರಿಸಲಾಗಲಿಲ್ಲ. ಮೈಸೂರಿನ ಎನ್‌ಐಇಯಲ್ಲಿ ಓದಿದರು, ಐಐಟಿ ಕಾನ್ಪುರಕ್ಕೆ ಹೋದದ್ದು ಎಂ.ಟೆಕ್‌ಗೆ. ಪಾಲಕರ ಸಭೆಗಳಲ್ಲಿ ಇಂಥ ಕತೆ ಹೇಳಿ ಸಮಾಧಾನ ಮಾಡುವುದು ವಾಡಿಕೆ. ಕತೆಗಳು ನಿಜ. ಆದರೆ ಮೂರನೇ ಆಪ್ಷನ್ನಿನಲ್ಲಿ ಓದಿ ಯಾರಿಗೂ ತಿಳಿಯದೆ ಉಳಿದವರನ್ನು ಯಾವ ಸಭೆಯೂ ವೇದಿಕೆಗೆ ಕರೆಯುವುದಿಲ್ಲ. ಮೊದಲನೇ ಆಪ್ಷನ್ನಿನಲ್ಲಿ ಓದಿ ಹಾಗೇ ಉಳಿದವರನ್ನೂ ಕರೆಯುವುದಿಲ್ಲ. ನಾನು ಈ ಕತೆಗಳಿಂದ ತೆಗೆದುಕೊಳ್ಳುವುದು ಒಂದು ಸಣ್ಣ ಸಂಗತಿ: ಇಬ್ಬರೂ ಮೊದಲ ಡಿಗ್ರಿಯನ್ನೇ ಕೊನೆಯದೆಂದು ತಿಳಿಯಲಿಲ್ಲ.

*

ಅಮೆರಿಕದಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಪ್ರವೇಶ ಸಿಕ್ಕೂ ಅಷ್ಟು ಹೆಸರಿಲ್ಲದ ಕಡೆ ಸೇರಿದವರು, ಮುಂದೆ ಆ ದೊಡ್ಡ ಕಾಲೇಜಿಗೇ ಹೋದವರಷ್ಟೇ ಸಂಪಾದಿಸುತ್ತಿದ್ದರು. ಅಂದರೆ ಅಲ್ಲಿ ದುಡಿದದ್ದು ಕಾಲೇಜಿನ ಹೆಸರಿಗಿಂತ ಹೆಚ್ಚಾಗಿ ಹುಡುಗರೇ. ಬಡ ಮನೆಗಳಿಂದ ಬಂದವರು ಮಾತ್ರ ಅಪವಾದ. ಅವರಿಗೆ ದೊಡ್ಡ ಕಾಲೇಜಿನಿಂದ ನಿಜವಾಗಿ ಲಾಭವಾಗಿತ್ತು. ನೆಂಟರಿಷ್ಟರಲ್ಲಿ ಯಾರೂ ಆ ಲೋಕ ಕಾಣದ ಮನೆಗೆ ಕಾಲೇಜಿನ ಪರಿಚಯಗಳೇ ಆಸ್ತಿ ಎಂಬುದು ನನ್ನ ಊಹೆ. ನಮ್ಮಲ್ಲಿ ನಡೆಯುತ್ತಿರುವುದು ತಲೆಕೆಳಗು. ಅಷ್ಟೇನೂ ಅಗತ್ಯವಿಲ್ಲದ ಮನೆಯವರು ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಸುರಿದು ಹೆಸರು ಕೊಳ್ಳುತ್ತಾರೆ. ಅಗತ್ಯವಿರುವ ಮನೆಯವರು ಬೆಂಗಳೂರಿನ ಪಿಜಿ ಬಾಡಿಗೆ ಕೇಳಿ ಬೆಚ್ಚಿ, ಮಗಳಿಗೆ ಮೆರಿಟ್‌ನಲ್ಲಿ ಸಿಕ್ಕ ಸರ್ಕಾರಿ ಸೀಟನ್ನೇ ಬಿಡುತ್ತಾರೆ. ಕಾಲೇಜು ಶುಲ್ಕಕ್ಕೆ ವಿದ್ಯಾರ್ಥಿವೇತನ ಹುಡುಕುವವರು ಊಟ, ಬಾಡಿಗೆ, ಬಸ್ಸಿನ ಲೆಕ್ಕವನ್ನು ಮೊದಲೇ ಬರೆದು ನೋಡಿದ್ದರೆ ಎಷ್ಟೋ ಸೀಟುಗಳು ಉಳಿಯುತ್ತಿದ್ದವು.

*

ತಾಲ್ಲೂಕಿಗೆ ಮೊದಲು ಬಂದವನು ಬೆಂಗಳೂರಿನ ದೊಡ್ಡ ಕಾಲೇಜಿಗೆ ಸೇರಿ ಮೊದಲ ಇಂಟರ್ನಲ್ಸ್‌ನಲ್ಲೇ ತರಗತಿಯ ನಡುವಿಗೆ ಇಳಿಯುತ್ತಾನೆ. ಸುತ್ತ ಕೂತವರೂ ಒಂದೊಂದು ತಾಲ್ಲೂಕಿನ ಮೊದಲಿಗರೇ ಎಂಬುದು ಅವನಿಗೆ ಹೊಳೆಯಲು ವರ್ಷ ಬೇಕು. ಅಲ್ಲಿಯವರೆಗೆ ತಾನು ದಡ್ಡನಾದೆ ಎಂದೇ ತಿಳಿದಿರುತ್ತಾನೆ. ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಶಾಲಾ ಮಕ್ಕಳಲ್ಲಿ ಇದನ್ನು ಅಳೆದು ತೋರಿಸಿದರು: ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಜಾಣರೇ ತುಂಬಿದ ಶಾಲೆಗೆ ಹೋದವನು ತನ್ನನ್ನು ಕಡಿಮೆಯೆಂದು ತಿಳಿಯುತ್ತಾನೆ, ಸಾಧಾರಣ ಶಾಲೆಗೆ ಹೋದವನು ಅಷ್ಟು ಕುಗ್ಗುವುದಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಒಳ್ಳೆಯ ಮೇಷ್ಟ್ರಿರುವ ಕಡೆ ನಡುವಿನಲ್ಲಿರುವುದು, ಮೇಷ್ಟ್ರೇ ಇಲ್ಲದ ಕಡೆ ಮೊದಲಿಗನಾಗುವುದಕ್ಕಿಂತ ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಮೂರು ಸೆಮಿಸ್ಟರ್ ಕಳೆದರೂ ರಾತ್ರಿ ನಿದ್ದೆ ಬಾರದ ಮಕ್ಕಳನ್ನು ನೋಡಿದ್ದೇನೆ. ಅವರ ಮುಂದೆ ಈ ಅಭಿಪ್ರಾಯವನ್ನು ಆಡುವುದಿಲ್ಲ. ಅವರಿಗೆ ಬೇಕಾದದ್ದು ಊರಿಗೆ ಒಂದು ಟಿಕೆಟ್ಟು, ಒಂದು ವಾರ ಯಾರೂ ಏನೂ ಕೇಳದ ಮನೆ, ಬೇಕಾದರೆ ವೈದ್ಯರು. ಕಾಲೇಜು ಬದಲಾಯಿಸುವ ಮಾತು ಆಮೇಲೆ.

*

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 5, ಗ್ರಾಮೀಣರಿಗೆ ಶೇ 15 ಮೀಸಲು ಇದೆ. ಕಾಲೇಜಿನ ಗೇಟಿನವರೆಗೆ ಸರ್ಕಾರ ಕೈಹಿಡಿದು ಕರೆತರುತ್ತದೆ. ಗೇಟಿನೊಳಗೆ ಮೊದಲ ದಿನದಿಂದಲೇ ಎಲ್ಲವೂ ಇಂಗ್ಲಿಷು, ಅದೂ ನಿಮಿಷಕ್ಕೊಂದು ಸ್ಲೈಡು. ಆ ಹುಡುಗಿಗೆ ಅವಕಲನ ಗೊತ್ತು, ಆದರೆ ಡಿಫರೆನ್ಷಿಯೇಷನ್ ಅಂದಾಗ ಒಂದು ಕ್ಷಣ ತಡೆಯುತ್ತದೆ. ಆ ಕ್ಷಣದಲ್ಲಿ ಮೇಷ್ಟ್ರು ಮೂರು ಸಾಲು ಮುಂದೆ ಹೋಗಿರುತ್ತಾರೆ. ಮೊದಲ ಸೆಮಿಸ್ಟರಿನ ಎಸ್‌ಜಿಪಿಎ ಅವಳ ಗಣಿತವನ್ನು ಅಳೆಯುವುದಿಲ್ಲ, ಆ ತಡೆಯನ್ನು ಅಳೆಯುತ್ತದೆ. ಮೂರನೇ ಸೆಮಿಸ್ಟರಿಗೆ ತಡೆ ಹೋಗುತ್ತದೆ. ಗ್ರೇಡ್ ಕಾರ್ಡಿನಲ್ಲಿ ಅದು ಕೊನೆವರೆಗೂ ಉಳಿಯುತ್ತದೆ.

*

"ಅವನಿಗೇನು, ಕೋಟಾದಲ್ಲಿ ಸಿಕ್ತು" ಎಂದು ಮೂಗು ಮುರಿಯುವವರಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಂದವರೂ ಇರುತ್ತಾರೆ. ಅವರ ಕೋಟಾಕ್ಕೆ ಜಾತಿ ಪ್ರಮಾಣಪತ್ರ ಬೇಡ, ಡಿಮ್ಯಾಂಡ್ ಡ್ರಾಫ್ಟ್ ಸಾಕು.

*

"ಅಣ್ಣಂಗೆ ಪೇಮೆಂಟ್ ಸೀಟಿಗೆ ಸಾಲ ಮಾಡಿದ್ರಲ್ಲಪ್ಪಾ. ನಂಗೆ ಮೆರಿಟ್‌ನಲ್ಲೇ ಸಿಕ್ಕಿದೆ."

"ಅವನು ನಾಳೆ ಮನೆ ನೋಡ್ಕೋಬೇಕಲ್ಲ ಪುಟ್ಟೀ. ನೀನು ಇಲ್ಲೇ ಊರಲ್ಲಿ ಬಿ.ಎಸ್ಸಿ. ಮಾಡು."

"ಈಗ ಮನೆ ನೋಡ್ಕೊಳ್ತಿರೋದು ಯಾರು?"

ಅಪ್ಪ ಪೇಪರ್ ಮಡಚಿದರು. ಊರಿನಲ್ಲೇ ಓದುವುದರಲ್ಲಿ ಕೊರತೆ ಇಲ್ಲ, ಆದರೆ ಊರಿನ ಬಿ.ಎಸ್ಸಿ. ತರಗತಿಗಳಲ್ಲಿ ಅಂಕ ಹೆಚ್ಚಿರುವ ಹುಡುಗಿಯರು ಸಾಲಾಗಿ ಕೂತಿರುವುದಕ್ಕೆ ಅರ್ಧ ಕಾರಣ ಮಾತ್ರ ವಿಜ್ಞಾನದ ಮೇಲಿನ ಪ್ರೀತಿ.

*

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಧೀನದ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಬೆಳಗಾವಿಯಿಂದ ಬರುತ್ತದೆ. ಬೀದರಿನವನೂ ಚಾಮರಾಜನಗರದವನೂ ಅದನ್ನೇ ಬರೆಯಬೇಕು. ಸ್ವಾಯತ್ತ ಕಾಲೇಜಿನಲ್ಲಿ ಬಹುಮಟ್ಟಿಗೆ ಪಾಠ ಮಾಡಿದವರೇ ಪ್ರಶ್ನೆ ತೆಗೆದು ಅವರೇ ತಿದ್ದುತ್ತಾರೆ, ಪದವಿ ಮಾತ್ರ ವಿಟಿಯುದು. ಐಐಟಿ, ಎನ್‌ಐಟಿಗಳಲ್ಲಿ ಸಾಮಾನ್ಯವಾಗಿ ಗ್ರೇಡು ಸಾಪೇಕ್ಷ: ನೀವು ಎಷ್ಟು ಬರೆದಿರಿ ಎಂಬುದಕ್ಕಿಂತ ಪಕ್ಕದವರು ಎಷ್ಟು ಬರೆದರು ಎಂಬುದು ಮುಖ್ಯ. ಮೂರು ಕಡೆಯೂ ಕೊನೆಗೆ ಕೊಡುವುದು ಸಿಜಿಪಿಎ ಎಂಬ ಒಂದೇ ಹೆಸರಿನ ಸಂಖ್ಯೆ. ಕ್ಯಾಂಪಸ್ಸಿಗೆ ಬರುವ ಕಂಪನಿ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಗೆರೆ ಎಳೆಯುತ್ತದೆ. ಹಾಗಾಗಿ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ "ಇಲ್ಲಿ ಮಾರ್ಕ್ಸ್ ಚೆನ್ನಾಗಿ ಹಾಕ್ತಾರಾ?" ಎಂಬುದಲ್ಲ ಎಂದು ಬರೆಯಲು ಹೊರಟಿದ್ದೆ. ಯೋಚಿಸಿದರೆ, ಹಲವು ಕಂಪನಿಗಳು ಹತ್ತನೇ ತರಗತಿ, ಪಿಯು, ಡಿಗ್ರಿ ಮೂರರಲ್ಲೂ ಶೇ 60 ಕೇಳುವ ಈ ದಿನಗಳಲ್ಲಿ ಅದು ಅಷ್ಟೇನೂ ನಾಚಿಕೆಯ ಪ್ರಶ್ನೆಯಲ್ಲ. ಅದೊಂದನ್ನೇ ಕೇಳಿ ಎದ್ದು ಬರುವುದು ತಪ್ಪು.

*

ಸಾಪೇಕ್ಷ ಗ್ರೇಡು ಇರುವ ಕಡೆ ನೋಟ್ಸ್ ಕೊಡದವನನ್ನು ಸ್ವಾರ್ಥಿ ಎನ್ನುತ್ತೇವೆ. ಅವನು ನಿಯಮವನ್ನು ಸರಿಯಾಗಿ ಓದಿದ್ದಾನೆ, ಅಷ್ಟೇ. ಆಶ್ಚರ್ಯವೆಂದರೆ ಆ ನಿಯಮ ಗೊತ್ತಿದ್ದೂ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಏಳೆಂಟು ಜನಕ್ಕೆ ಲೆಕ್ಕ ಹೇಳಿಕೊಡುವವನೊಬ್ಬ ಎಲ್ಲ ಬ್ಯಾಚಿನಲ್ಲೂ ಇರುತ್ತಾನೆ. ಬಹಳ ಸಲ ಅವನ ಗ್ರೇಡೂ ಚೆನ್ನಾಗಿಯೇ ಇರುತ್ತದೆ. ಎಂಟು ಸಲ ಹೇಳಿಕೊಟ್ಟದ್ದು ಮರೆಯುವುದಾದರೂ ಹೇಗೆ?

*

ಒಂದು ಬ್ಯಾಕ್‌ಲಾಗ್ ಇದ್ದವನು ಅದನ್ನು ಎಲ್ಲರಿಂದ ಮುಚ್ಚಿಡುತ್ತಾನೆ. ನಾಲ್ಕು ಇದ್ದವನು ಕ್ಯಾಂಟೀನಿನಲ್ಲಿ ಕೂತು ಎಲ್ಲರಿಗೂ ಹೇಳುತ್ತಾನೆ. ಸಹಾಯ ಬೇಕಿರುವುದು ಮೊದಲನೆಯವನಿಗೆ.

*

ಎನ್‌ಐಆರ್‌ಎಫ್ ಎಂಬ ಕಾಲೇಜುಗಳ ಶ್ರೇಯಾಂಕ ಪಟ್ಟಿ 2016ರಿಂದ ವರ್ಷ ವರ್ಷ ಬರುತ್ತಿದೆ. ಬೋಧನೆಯ ಸಂಪನ್ಮೂಲ, ಸಂಶೋಧನೆ, ಪದವೀಧರರ ಫಲಿತ, ಎಲ್ಲರನ್ನೂ ಒಳಗೊಳ್ಳುವಿಕೆ, ಜನರ ಅಭಿಪ್ರಾಯ ಎಂದು ಐದು ಬಾಬ್ತು. ಅಂಕಿಗಳನ್ನು ಬಹುಮಟ್ಟಿಗೆ ಕಾಲೇಜುಗಳೇ ತುಂಬಿ ಕಳಿಸುತ್ತವೆ. ಸಂಶೋಧನೆಗೆ ಸಿಗುವ ತೂಕ ನೋಡಿ ಮೆಚ್ಚುಗೆಯಾಗುತ್ತದೆ. ಮೊದಲ ವರ್ಷದ ಹುಡುಗನಿಗೆ ಬೇಕಾದದ್ದು ಮಾತ್ರ ಅದರಲ್ಲಿ ಇಲ್ಲ: ಬೆಳಗಿನ ಎಂಟೂವರೆಯ ತರಗತಿಗೆ ಮೇಷ್ಟ್ರು ಬರುತ್ತಾರೋ ಇಲ್ಲವೋ.

*

ಹೆದ್ದಾರಿಯ ಫ್ಲೆಕ್ಸಿನಲ್ಲಿ ಒಬ್ಬ ಹುಡುಗನ ಫೋಟೊ, ಪಕ್ಕದಲ್ಲಿ ಲಕ್ಷಗಳ ಪ್ಯಾಕೇಜು. ಕೇಳಬೇಕಾದದ್ದು ಆ ಹುಡುಗನ ಸಂಬಳವನ್ನಲ್ಲ. ನೌಕರಿ ಸಿಕ್ಕವರನ್ನೂ ಸಿಗದವರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತವನಿಗೆ ಎಷ್ಟು ಎಂದು ಕೇಳಿ. ಪ್ಲೇಸ್‌ಮೆಂಟ್ ಆಫೀಸರ್ ಗಡಿಯಾರ ನೋಡಿಕೊಂಡರೆ ಅದೂ ಒಂದು ಉತ್ತರ.

*

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿ ಮಾಡಿದ ರಾಜ್ಯವೆಂದು ಕರ್ನಾಟಕ ಹೆಮ್ಮೆಪಟ್ಟಿತು. ಡಿಗ್ರಿಗೆ ನಾಲ್ಕನೇ ವರ್ಷ ಸೇರಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಹಲವು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಬೆನ್ನಿಗೇ, 2025ರಲ್ಲಿ, ಅವುಗಳಲ್ಲಿ ಹಲವನ್ನು ಮುಚ್ಚುವ ಇಲ್ಲವೆ ಹಳೆಯವಕ್ಕೆ ಸೇರಿಸುವ ಮಾತು ಸರ್ಕಾರದೊಳಗಿನಿಂದಲೇ ಬಂತು. ಹದಿನೆಂಟರ ಹುಡುಗಿಗೆ "ದೂರದೃಷ್ಟಿಯಿಂದ ಆರಿಸು" ಎಂದು ಬುದ್ಧಿ ಹೇಳುವ ನಾವು, ಅವಳ ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ ಎಂದು ಮೂರು ವರ್ಷ ಮುಂಚೆ ಹೇಳಲಾರೆವು.

*

ಹಳೆಯ ವಿಶ್ವವಿದ್ಯಾಲಯಗಳ ಕಟ್ಟಡ ನೋಡಿ ಮರುಳಾಗುವುದು ಸಹಜ. ಮೈಸೂರಿನ ಕ್ರಾಫರ್ಡ್ ಹಾಲ್ ಮುಂದೆ ನಿಂತರೆ, ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಯ ಮರಗಳ ಕೆಳಗೆ ನಡೆದರೆ, ಇಲ್ಲೇ ಓದಬೇಕು ಅನ್ನಿಸದವರು ಯಾರು? ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೂ ವಿಭಾಗದ ಒಳಗೆ ಹೋಗಿ ಕಾಯಂ ಪ್ರಾಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ಕೇಳಿಕೊಂಡು ಬರಬೇಕು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಹುದ್ದೆಗಳು ಹಳೆಯ ಸುದ್ದಿ. ಪಾಠದ ಹೊರೆ ಹೊತ್ತವರು ಅತಿಥಿಗಳು. ಅವರಲ್ಲಿ ಅದ್ಭುತವಾಗಿ ಪಾಠ ಮಾಡುವವರಿದ್ದಾರೆ. ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

*

ಕಾಲೇಜು ನೋಡಲು ಹೋಗುವುದಾದರೆ ಓಪನ್ ಡೇ ಬಿಟ್ಟು ಬೇರೆ ದಿನ ಹೋಗಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಒಳ್ಳೆಯ ಹೊತ್ತು. ಲ್ಯಾಬಿಗೆ ಬೀಗ ಇದೆಯೋ, ಒಳಗೆ ಯಾರಾದರೂ ಕೆಲಸ ಮಾಡುತ್ತಿದ್ದಾರೋ ಕಾಣುತ್ತದೆ. ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆ, ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಇವೆರಡನ್ನೂ ಕೇಳಿ. ಮೊದಲನೆಯದು ರಾತ್ರಿ ಹತ್ತು, ಎರಡನೆಯದು ಸಂಜೆ ಏಳು ಎಂದರೆ ಗ್ರಂಥಾಲಯ ಯಾರಿಗಾಗಿ ತೆರೆದಿದೆ ಎಂದೂ ಕೇಳಿ. ಆಮೇಲೆ ಕ್ಯಾಂಟೀನಿನಲ್ಲಿ ನಿಮಗೆ ಬೇಕಾದ ಬ್ರಾಂಚಿನ ಮೂರನೇ ವರ್ಷದವರು ಇಬ್ಬರನ್ನು ಹುಡುಕಿ ಕಾಫಿಗೆ ಕರೆಯಿರಿ. ಹೋದ ಸೆಮಿಸ್ಟರಿನಲ್ಲಿ ಯಾವ ಸಬ್ಜೆಕ್ಟು ಹೋಯಿತು, ಹೋದಾಗ ಯಾರು ಕರೆದು ಮಾತಾಡಿಸಿದರು ಎಂದು ಕೇಳಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೇಳಿದ್ದನ್ನೆಲ್ಲ ಅಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಿ. ಕಾಫಿಯ ದುಡ್ಡು ನೀವೇ ಕೊಡಿ. ತಿಂಗಳ ಕೊನೆಯಲ್ಲಿ ಹಾಸ್ಟೆಲಿನವರ ಹತ್ತಿರ ಇರುವುದಿಲ್ಲ.